ಸಿಪಾಯಿಗಳ ಕಾಲಡಿಯ ಕಾಗದ

ನಾನು ಬೋರ್ಡ್ ಬರೆಯುವವ. ಅಕ್ಷರ ಬರೆದೇ ಹೊಟ್ಟೆ ಹೊರೆದವ. ಅಂಥ ನಾನು, ಒಬ್ಬರು ವರ್ಷಗಟ್ಟಲೆ ಬರೆದಿಟ್ಟ ಅಕ್ಷರಗಳನ್ನು ಒಂದೇ ಬೆಳಿಗ್ಗೆ ಬಿಸಿನೀರಿನಲ್ಲಿ ನೆನೆಹಾಕಿ ಅಳಿಸಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ, ನಿಜ. ಆದರೆ ಮಾಡಬೇಡ ಎಂದದ್ದನ್ನೇ ಮಾಡಿದ್ದೂ ನಿಜ. ಅವು ನನ್ನ ಗೆಳೆಯರ ತೀರಿಹೋದ ಹೆಂಡತಿ ಫೋನಿನಲ್ಲಿ ಆಡಿದ ಮಾತುಗಳು. ಇದ್ದದ್ದು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೀಸದ ಸಿಪಾಯಿಗಳ ಕಾಲಡಿಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ನನಗೆ ಧೈರ್ಯ ಸಾಲುವುದಿಲ್ಲ.

ಗೆಳೆಯರು ಬಂಟ್ವಾಳ ಪೇಟೆಯ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ನನಗಿಂತ ಐದಾರು ವರ್ಷ ದೊಡ್ಡವರು. ಗಲ್ಫಿನಲ್ಲಿ ಒಂದು ಕಂಪೆನಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ಅಲ್ಲಿ ಅವರ ಮೇಲಧಿಕಾರಿಯಾಗಿದ್ದ ಇಂಗ್ಲೆಂಡಿನವನೊಬ್ಬ ಈ ಹುಚ್ಚು ಹಿಡಿಸಿದ್ದು: ಹಳೆಯ ಕಾಲದ ಸೈನ್ಯಗಳ ಪುಟ್ಟ ಸಿಪಾಯಿಗಳನ್ನು ತರಿಸಿ, ಒಬ್ಬೊಬ್ಬನಿಗೂ ಅವನ ಕಾಲದ ಉಡುಪಿನ ಬಣ್ಣ ಹಚ್ಚಿ, ಮೇಜಿನ ಮೇಲೆ ಗುಡ್ಡ, ನೀರಿನ ತೋಡು ಮಾಡಿ, ದಾಳ ಹಾಕಿ, ಟೇಪು ಹಿಡಿದು ಅಳೆದು ಯುದ್ಧ ಆಡುವುದು. ಶುಕ್ರವಾರದ ರಜೆಯಲ್ಲಿ ರೂಮಿನವರೆಲ್ಲ ನಿದ್ದೆ ಮಾಡಿದರೆ ಇವರು ಕಿಟಕಿಯ ಹತ್ತಿರ ಕೂತು ಬಣ್ಣ ಹಚ್ಚುತ್ತಿದ್ದರಂತೆ. ತಿಂಗಳಿಗೆ ಒಬ್ಬ ಸಿಪಾಯಿ, ಹಾಗೆ ಎಂಟು ವರ್ಷ. ಕೆಲಸ ಬಿಟ್ಟು ಊರಿಗೆ ಬರುವಾಗ ಉಳಿದವರು ಚಿನ್ನ, ಕಂಬಳಿ, ಅತ್ತರು ತಂದರೆ ಇವರು ಮೈಸೂರಿನ ಒಂದು ದಂಡನ್ನೇ ತಂದರು. ತೊಂಬತ್ತಾರು ಜನ, ಬಿಸ್ಕತ್ತಿನ ಡಬ್ಬಿಗಳಲ್ಲಿ, ಹತ್ತಿಯ ನಡುವೆ.

ಪರಿಚಯವಾದದ್ದು ಪುಂಜಾಲಕಟ್ಟೆಯ ನನ್ನ ಅಂಗಡಿಯಲ್ಲಿ. ಫ್ಲೆಕ್ಸ್ ಬಂದು ನನ್ನ ಕುಂಚಕ್ಕೆ ಕೆಲಸ ಕಡಿಮೆಯಾಗಿತ್ತು. ಅಂಗಡಿಯವರ ಗಾಜಿನ ಬಾಗಿಲಿಗೆ ಹೆಸರು ಬರೆಯುವುದು, ನವರಾತ್ರಿಯ ಮಾರ್ನೆಮಿಗೆ ಹುಲಿವೇಷದವರ ಮೈಗೆ ಬಣ್ಣ ಹಾಕುವುದು, ಇಷ್ಟೇ ಉಳಿದಿತ್ತು. ಅವರು ಒಳಗೆ ಬಂದು ಕಿಸೆಯಿಂದ ಕರವಸ್ತ್ರ ತೆಗೆದು ಬಿಡಿಸಿದರು. ಒಳಗೆ ನೇರಳೆ ಅಂಗಿಯ ಒಬ್ಬ ಸಿಪಾಯಿ.

"ನೀನು ಹುಲಿಗೆ ಬಣ್ಣ ಹಾಕುವವನಲ್ವಾ? ಇವನ ಅಂಗಿಗೆ ಹುಲಿಪಟ್ಟೆ ಬೇಕು. ಮೈಸೂರಿನವರದ್ದು ಹಾಗೇ ಇದ್ದದ್ದು. ನಾನು ಹಾಕಿದ್ರೆ ಬೂಷ್ಟು ಹಿಡಿದ ಹಾಗೆ ಕಾಣ್ತದೆ ಮಾರಾಯ."

"ಇಷ್ಟು ಸಣ್ಣ ಹುಲಿಯಾ ಸಾಹೇಬ್ರೇ? ಇದಕ್ಕೆ ನಾನಲ್ಲ, ಇರುವೆಯನ್ನು ಕರೀಬೇಕಷ್ಟೆ" ಎಂದೆ.

ಹೇಳಿದ್ದು ಹಾಗೆ, ಆದರೆ ಕೈ ಸುಮ್ಮನಿರಲಿಲ್ಲ. ಮೂಡುಬಿದಿರೆಗೆ ಹೋಗಿ ಅತಿ ಸಣ್ಣ ಕುಂಚ ತಂದು, ಅದರ ಕೂದಲನ್ನೂ ಕತ್ತರಿಸಿ ಮೂರು ನಾಲ್ಕು ಎಳೆ ಮಾತ್ರ ಉಳಿಸಿಕೊಂಡೆ. ಎರಡು ಮಳೆಗಾಲ ಹಿಡಿಯಿತು, ತೊಂಬತ್ತಾರು ಅಂಗಿಗೆ ಬಿಳಿಪಟ್ಟೆ ಬರೆದೆ. ಪ್ರತಿ ಸಿಪಾಯಿಯೂ ರೂಪಾಯಿಯಷ್ಟಗಲದ ಪ್ಲೈವುಡ್ ಬಿಲ್ಲೆಯ ಮೇಲೆ ನಿಂತಿದ್ದ. ಅವರು ಅದನ್ನು ಬೇಸ್ ಎನ್ನುತ್ತಿದ್ದರು, ನಾನು ಮಣೆ ಎನ್ನುತ್ತಿದ್ದೆ. ಮಣೆಯ ಅಡಿಗೆ ಬಿಳಿ ಕಾಗದ ಅಂಟಿಸಿತ್ತು. ಮೇಜಿಗೆ ಗೀರು ಬೀಳದಿರಲಿ ಎಂದು ಹಚ್ಚಿರಬೇಕು ಎಂದುಕೊಂಡೆ. ಕೇಳಲಿಲ್ಲ.

ಆಮೇಲೆ ಅವರೇ ಮೈಸೂರಿನ ಎದುರಾಳಿಯಾಗಿ ಕಂಪೆನಿ ಸರಕಾರದ ಕೆಂಪಂಗಿ ದಂಡೊಂದನ್ನು ತರಿಸಿ ನನಗೆ ಕೊಟ್ಟರು. ಪ್ರತಿ ಆದಿತ್ಯವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಯುದ್ಧ. ಒಂದು ಅಂಗುಲಕ್ಕಾಗಿ ನಾವು ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. "ಟೇಪು ಎಳೀಬೇಡಿ, ಅದು ರಬ್ಬರಲ್ಲ" ಎಂದು ನಾನು, "ದಾಳ ಕುಲುಕಿ ಹಾಕು, ಇಡುದಲ್ಲ" ಎಂದು ಅವರು. ಅವರ ಹೆಂಡತಿ ಕೊಕ್ಕಡದ ಕಡೆಯವರು. ನನಗೂ ಸೇರಿಸಿ ಅಕ್ಕಿರೊಟ್ಟಿ ಕಟ್ಟಿ ಕಳಿಸುತ್ತಿದ್ದರು. ಒಮ್ಮೆ ಅವರ ಮನೆಗೆ ಹೋದಾಗ ಬಾಗಿಲ ಹಿಂದಿನಿಂದ, "ಇವತ್ತು ಯಾರು ಸತ್ತದ್ದು?" ಎಂದು ಕೇಳಿ ನಕ್ಕದ್ದು ನೆನಪಿದೆ. ಗಂಡ ಊರಿಗೆ ಬಂದು ಮೂರನೆಯ ವರ್ಷಕ್ಕೆ, ಒಂದು ವಾರದ ಜ್ವರದಲ್ಲಿ ಅವರು ಹೋಗಿಬಿಟ್ಟರು. ನಲವತ್ತು ದಿನ ಕಳೆದ ಮೇಲೆ ಗೆಳೆಯರು ಮತ್ತೆ ಬಂದರು, ಆಡಿದರು, ಸೋತರು. ಹೆಂಡತಿಯ ಬಗ್ಗೆ ಒಂದು ಮಾತು ತೆಗೆಯಲಿಲ್ಲ. ಎಂಥ ಕಲ್ಲು ಮನುಷ್ಯ ಎಂದು ನನಗೆ ಸಿಟ್ಟೂ ಬಂದಿತ್ತು.

ಹಲವು ವರ್ಷಗಳ ಮೇಲೆ ಅವರ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಒಬ್ಬೊಬ್ಬನನ್ನೇ ಎತ್ತಿಡಲು ಹೋದರೆ ಪಕ್ಕದ ನಾಲ್ಕು ಜನ ಬೀಳುತ್ತಿದ್ದರು. ಕಳೆದ ವರ್ಷ ಕಣ್ಣಿನ ಆಪರೇಶನ್ನಿಗೆ ಮಂಗಳೂರಿಗೆ ಹೋಗುವ ಮುಂಚೆ ಡಬ್ಬಿಗಳನ್ನೆಲ್ಲ ತಂದು ನನ್ನ ಮೇಜಿನ ಮೇಲಿಟ್ಟರು.

"ನಾಲ್ಕು ನಾಲ್ಕು ಜನರನ್ನು ಒಂದೊಂದು ಹಲಗೆಗೆ ಅಂಟಿಸಿಕೊಡು. ಹಲಗೆ ಹಿಡಿದ್ರೆ ಸಾಕು, ಕಣ್ಣು ಬೇಡ. ಆದ್ರೆ ಹಳೆಯ ಬೇಸ್ ಕೀಳ್ಬೇಡ ಆಯ್ತಾ? ಅದರ ಮೇಲೆಯೇ ಇರ್ಲಿ."

"ಆಯ್ತು ಆಯ್ತು, ನೀವು ಹೋಗಿ ಬನ್ನಿ" ಎಂದೆ.

ಆಯ್ತು ಎಂದದ್ದು ಬಾಯಿ. ಮನಸ್ಸು ಆಗಲೇ ಬೇರೆ ದಾರಿ ಹಿಡಿದಿತ್ತು. ಆ ಮಣೆಗಳ ಮೇಲೆ ಅವರು ಹಚ್ಚಿದ್ದು ವಿಲಾಯಿತಿಯ ಹಸಿರು ಹುಡಿ, ಕ್ರಿಕೆಟ್ ಮೈದಾನದ ಹುಲ್ಲಿನಂಥದ್ದು. ಮೈಸೂರಿನ ಸಿಪಾಯಿ ಅದರ ಮೇಲೆ ನಿಲ್ಲುವುದು ನನಗೆ ಮೊದಲಿನಿಂದಲೂ ಸರಿಕಂಡಿರಲಿಲ್ಲ. ಬೆಳುವಾಯಿ ಕಡೆಯ ಕಲ್ಲುಕೋರೆಯಿಂದ ಕೆಂಪುಕಲ್ಲಿನ ಹುಡಿ ತಂದು, ಹೆಂಡತಿಯ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಅದನ್ನು ಹಲಗೆಗೆ ಹಚ್ಚಿದೆ. ತೆಂಗಿನ ನಾರು ಕತ್ತರಿಸಿ ಒಣಹುಲ್ಲು ಮಾಡಿದೆ. ಮಾರ್ಚ್ ತಿಂಗಳಲ್ಲಿ ಒಣಗಿದ ನಮ್ಮ ಬೆಟ್ಟು ಗದ್ದೆಯ ಹಾಗೇ ಕಾಣುತ್ತಿತ್ತು. ಅದರ ಮೇಲೆ ಹಳೆಯ ಬಿಲ್ಲೆ ಸಮೇತ ನಿಲ್ಲಿಸಿದರೆ ಸಿಪಾಯಿ ಸ್ಟೂಲು ಹತ್ತಿದ ಹಾಗೆ. ಛೇ, ಇದು ನನ್ನ ಕೈಯ ಕೆಲಸ ಅಂತ ಯಾರಿಗೆ ತೋರಿಸುವುದು? ಕಿತ್ತೇ ಬಿಡುವ, ಬಂದು ಕೈಯಾಡಿಸಿದರೆ ಅವರಿಗೇ ಖುಷಿಯಾಗ್ತದೆ ಎಂದುಕೊಂಡೆ. ನನ್ನ ಸೊಕ್ಕು ಅದು, ಬೇರೇನಲ್ಲ.

ಬಿಳಿ ಗೋಂದು ಬಿಸಿನೀರಿಗೆ ಬಿಡುತ್ತದೆ. ಅಗಲದ ಬೋಗುಣಿಯಲ್ಲಿ ಸಿಪಾಯಿಗಳ ಪಾದ ಮುಳುಗುವಷ್ಟು ನೀರು ಹಾಕಿ, ಡಬ್ಬಿಯಲ್ಲಿದ್ದ ಕ್ರಮದಲ್ಲೇ ಒಂದೊಂದು ಸಾಲು ನಿಲ್ಲಿಸುತ್ತಾ ಹೋದೆ. ಎಂಟು ಸಾಲು, ಸಾಲಿಗೆ ಹನ್ನೆರಡು. ಅರ್ಧ ಗಂಟೆಗೆ ಹಾಲುಹಲ್ಲು ಬಿದ್ದ ಹಾಗೆ ಬಿಲ್ಲೆ ಕೈಗೆ ಬರುತ್ತಿತ್ತು. ಅಡಿಯ ಕಾಗದ ಮೆತ್ತಗಾಗಿ ಗಂಜಿಯಾಗಿ ನೀರಿಗಿಳಿಯುತ್ತಿತ್ತು. ಒದ್ದೆ ಬಿಲ್ಲೆಗಳನ್ನು ಸಾಲು ತಪ್ಪದಂತೆ ಪೇಪರಿನ ಮೇಲೆ ಹರಡಿದೆ. ಅದೊಂದು ಶಿಸ್ತು ಮಾತ್ರ ನನ್ನಲ್ಲಿತ್ತು. ಏಳು ಸಾಲು ಮುಗಿದು ಎಂಟನೆಯದಕ್ಕೆ ಕೈಹಾಕುವಾಗ ಹೆಂಡತಿ ಚಹಾ ತಂದಳು.

"ನೀರು ಯಾಕೆ ನೀಲಿ?" ಎಂದಳು.

ಅಂಗಿಯ ಬಣ್ಣ ಬಿಟ್ಟಿತೇನೋ ಎಂದುಕೊಂಡೆ. ಒಬ್ಬನನ್ನು ಎತ್ತಿ ನೋಡಿದೆ. ಬಣ್ಣ ಗಟ್ಟಿಯಾಗಿಯೇ ಇತ್ತು. ಅವಳು ಬಾಗಿ ಒಂದು ಬಿಲ್ಲೆ ಎತ್ತಿಕೊಂಡಳು.

"ಇದರಲ್ಲಿ ಏನೋ ಬರ್ದದ್ದುಂಟಲ್ಲ. ತಿರುಗಾಮುರುಗ ಉಂಟು."

ಕಾಗದದ ಒಳಮೈಯಲ್ಲಿ ಬರೆದು, ಬರಹವನ್ನು ಮರದ ಕಡೆಗೆ ತಿರುಗಿಸಿ ಅಂಟಿಸಿದ್ದರು, ಯಾರಿಗೂ ಕಾಣದ ಹಾಗೆ. ಶಾಯಿಯ ಅಚ್ಚು ಮರಕ್ಕೆ ಹತ್ತಿತ್ತು. ನಾನು ಅಂಗಡಿಗಳ ಗಾಜಿಗೆ ಹಿಂದಿನಿಂದ ಅಕ್ಷರ ಬರೆಯುವವ, ಕನ್ನಡಿಯ ಅಕ್ಷರ ನನಗೆ ಮಾಮೂಲು. ಓದಿದೆ. ಕನ್ನಡ ಲಿಪಿ, ಬ್ಯಾರಿ ಮಾತು. ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಅದೂ ಗೊತ್ತು. "ನಕ್ಕಳು. ಯಾಕೆ ಅಂತ ಹೇಳಲಿಲ್ಲ." ಇನ್ನೊಂದರಲ್ಲಿ, "ಹಪ್ಪಳ ಒಣಗಿಸಿದ್ದಳು. ಮಳೆ ಬಂತಂತೆ." ಮತ್ತೊಂದರಲ್ಲಿ ಬರೀ "ಗಂಟಲು ನೋವು" ಎಂಬಷ್ಟು ಉಳಿದಿತ್ತು.

ಅವರ ಹೆಂಡತಿ ಊರಿನಿಂದ ಫೋನಿನಲ್ಲಿ ಆಡಿದ ಮಾತುಗಳಿವು ಎಂದು ಆಗ ಹೊಳೆಯಿತು. ತಿಂಗಳಿಗೊಬ್ಬ ಸಿಪಾಯಿ, ತಿಂಗಳಿಗೊಂದು ಸಾಲು. ಕಲ್ಲು ಮನುಷ್ಯ ಎಂದೆನಲ್ಲ, ಆ ಮನುಷ್ಯ ಹೆಂಡತಿಯ ಮಾತನ್ನೆಲ್ಲ ಇಲ್ಲಿ ಇಟ್ಟಿದ್ದರು.

"ಅವರು ಕೀಳ್ಬೇಡ ಅಂತ ಹೇಳಿದ್ರಲ್ವಾ?" ಹೆಂಡತಿ ಕೇಳಿದಳು. ನಾನು ಅವಳ ಮೇಲೆ ರೇಗಿದೆ. ಅವಳು ಹೋಗಿ ಬಿದಿರಿನ ಗೆರಸೆ ತಂದಳು. ಎಂಬತ್ತನಾಲ್ಕು ಬಿಲ್ಲೆಗಳನ್ನು ಇಬ್ಬರೂ ಅಂಗಳದ ಬಿಸಿಲಿನಲ್ಲಿ ಒಣಗಿಸಿದೆವು. ಒಂದೊಂದನ್ನೂ ಎತ್ತಿ, ಭೂತಕನ್ನಡಿ ಹಿಡಿದು ನೋಡಿದೆ. ಒಂಬತ್ತರಲ್ಲಿ ಮಾತು ಓದಲು ಬಂತು. ಉಳಿದವುಗಳಲ್ಲಿ ಬರೀ ನೀಲಿ ಕಲೆ. ಆದರೆ ಕಲೆಯಿಲ್ಲದ್ದು ಒಂದೂ ಇರಲಿಲ್ಲ. ಎರಡೆರಡು ಸಲ ನೋಡಿದ್ದೇನೆ, ಒಂದೂ ಇರಲಿಲ್ಲ.

ಹತ್ತು ದಿನ ಬಿಟ್ಟು ಅವರು ಬಂದರು. ಮಗಳು ರಿಕ್ಷಾದಲ್ಲಿ ಕರೆತಂದು ಬಿಟ್ಟುಹೋದಳು. ಆಪರೇಶನ್ನಿನಿಂದ ಹೆಚ್ಚೇನೂ ಆಗಿರಲಿಲ್ಲ, ಬೆಳಕು ನೆರಳು ಗೊತ್ತಾಗುತ್ತಿತ್ತು ಅಷ್ಟೆ. ಮೇಜಿನ ಮೇಲೆ ದಂಡು ನಿಂತಿತ್ತು. ಅವರು ಹಲಗೆಯ ಮೇಲೆ ಬೆರಳಾಡಿಸಿದರು.

"ಮಣ್ಣು ಲಾಯ್ಕಾಗಿದೆ ಮಾರಾಯ. ಇದು ನಮ್ಮ ಮಣ್ಣೇ." ಬೆರಳು ಸಿಪಾಯಿಯ ಪಾದಕ್ಕೆ ಬಂತು. ಅಲ್ಲಿಯೇ ನಿಂತಿತು. "ಇವರು ಕುಳ್ಳಾಗಿದ್ದಾರಲ್ಲ."

ಹೇಗೆ ಹೇಳಬೇಕೆಂದು ಹತ್ತು ದಿನ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬಂದದ್ದು ಬೈಗುಳ. "ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ ಸಾಹೇಬ್ರೇ? ಇಷ್ಟು ದೊಡ್ಡ ವಿಷಯ ಯಾರಾದ್ರೂ ಕಾಲಡಿಯಲ್ಲಿ ಇಡ್ತಾರಾ? ನಾನೇನು ಅಂಜನ ಹಾಕಿ ನೋಡುವವನಾ?" ಎಂದು ಕಿರುಚಿದೆ. ಕಿರುಚುತ್ತಲೇ ಅಳು ಬಂತು. ಐವತ್ತೆಂಟು ವರ್ಷದ ಗಂಡಸು, ರಸ್ತೆಗೆ ಕೇಳುವ ಹಾಗೆ ಅತ್ತೆ.

"ನಾನು ಹೇಳಿದ್ದೆ, ಕೀಳ್ಬೇಡ ಅಂತ" ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಪಾದದಿಂದ ಬೆರಳು ತೆಗೆದು, "ಓದ್ಲಿಕ್ಕೆ ಅಂತ ಇಟ್ಟದ್ದಲ್ಲ. ಉಂಟು ಅಂತ ಗೊತ್ತಿದ್ರೆ ಸಾಕಿತ್ತು. ಎಷ್ಟು ಉಳೀತು?" ಎಂದು ಕೇಳಿದರು.

"ಕೊನೆಯ ಸಾಲು ಮುಟ್ಲಿಲ್ಲ. ಹನ್ನೆರಡು. ಮತ್ತೆ ಒಂಬತ್ತರಲ್ಲಿ ಅಚ್ಚುಂಟು."

"ಕೊನೆಯ ವರ್ಷದ್ದು." ಅವರು ತಲೆಯಾಡಿಸಿದರು. "ಮೊದಲನೇ ವರ್ಷದ್ದು ಉಳಿದಿದ್ರೆ ಒಳ್ಳೇದಿತ್ತು. ಆಗ ಅವಳು ಜಾಸ್ತಿ ಮಾತಾಡ್ತಿದ್ದಳು."

ನಾನು ಆ ಒಂಬತ್ತನ್ನು ಓದಿ ಹೇಳಿದೆ. ಅವರು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿ ಕೇಳಿದರು. ಆಮೇಲೆ, "ಕುಂಚ ತಗೋ. ನೆನಪಾದದ್ದು ಹೇಳ್ತೇನೆ, ಅಡಿಯಲ್ಲಿ ಬರಿ. ಈ ಸಲ ಅಳಿಸದ ಬಣ್ಣದಲ್ಲಿ ಬರಿ" ಎಂದರು.

ಹಲಗೆ ಮಗುಚಿ ಹಿಡಿದೆ. ಅವರು ಒಬ್ಬೊಬ್ಬನ ಮುಖ, ಕೋವಿ, ಪೇಟ ಸವರಿ ಗುರುತು ಹಿಡಿಯುತ್ತಿದ್ದರು. "ಇವನ ಮೂಗು ಹೋದದ್ದು ನನ್ನ ಕೈಯಿಂದ. ಆ ತಿಂಗಳು ಬಾವಿಯಲ್ಲಿ ನೀರು ಬತ್ತಿದೆ ಅಂದಿದ್ದಳು." ಬರೆದೆ. "ಇವನು ಡೋಲಿನವ. ಮಗಳಿಗೆ ಹಲ್ಲು ಬಂತು ಅಂದಿದ್ದಳು." ಬರೆದೆ. ನಾಲ್ಕನೆಯವನನ್ನು ಬೆರಳುಗಳ ನಡುವೆ ತುಂಬ ಹೊತ್ತು ಹಿಡಿದರು. ಹೆಬ್ಬೆರಳಿನಿಂದ ಅವನ ಬೆನ್ನನ್ನು ಉಜ್ಜಿದರು. ತುಟಿ ಅಲುಗಿತು.

"ಇವನ ಅಡಿಯಲ್ಲಿ ಏನೂ ಬರೆದಿರ್ಲಿಲ್ಲ" ಎಂದರು. "ಆ ಶುಕ್ರವಾರ ಫೋನಿನ ಲೈನೇ ಸಿಗ್ಲಿಲ್ಲ."

ನಾನು ಆ ಜಾಗ ಬಿಟ್ಟು ಮುಂದಿನದಕ್ಕೆ ಹೋದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬನಿಗೂ ಲೈನು ಸಿಕ್ಕಿರಲಿಲ್ಲ. ಆಮೇಲೆ ಸಾಲಾಗಿ ಮೂವರಿಗೆ. ಸಂಜೆ ನಾಲ್ಕರ ಹೊತ್ತಿಗೆ, ಆ ಒಂಬತ್ತೂ ಸೇರಿ ಇಪ್ಪತ್ತೆರಡು ಸಾಲು ಬರೆದಿದ್ದೆ. ಉಳಿದ ಅರುವತ್ತೆರಡು ಜನರ ಅಡಿಯಲ್ಲಿ ಏನೂ ಇರಲಿಲ್ಲ ಎಂದು ಅವರು ಒಬ್ಬೊಬ್ಬನನ್ನೇ ಸವರಿ ಹೇಳಿದ್ದರು.

"ನೀನು ಬಿಲ್ಲೆ ನೋಡಿದ್ದೀಯಲ್ಲ" ಎಂದು ಕೊನೆಗೆ ಕೇಳಿದರು. "ಅಷ್ಟೂ ಖಾಲಿ ಇತ್ತು ಅಲ್ವಾ?"

ಒಂದು ಅಂಗುಲವನ್ನೂ ಬಿಟ್ಟುಕೊಡದೆ ಅವರೊಡನೆ ಜಗಳವಾಡಿದ ಬಾಯಿ ಇದು. ನೀಲಿ ಹಿಡಿದ ಎಂಬತ್ತನಾಲ್ಕೂ ಬಿಲ್ಲೆಗಳು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು.

"ಹೌದು ಸಾಹೇಬ್ರೇ, ಖಾಲಿಯೇ ಇತ್ತು" ಎಂದೆ.

"ಹಾಂ, ನನಗೆ ನೆನಪುಂಟು" ಎಂದು ಅವರು ಆ ಸಿಪಾಯಿಗಳ ಹಲಗೆಗಳನ್ನು ಸಾಲಿಗೆ ತಳ್ಳಿದರು.