ಜಹೀದಾ ಎಂಬ ಯಶೋಗಾಥೆ

ಚನ್ನಪಟ್ಟಣದ ಜಹೀದಾಗೆ ಕೆಲಸ ಸಿಕ್ಕಿದ್ದು ಒಂದೇ ಸಲ. ಆದರೆ ಆ ಕೆಲಸ ಸಿಕ್ಕ ಕಥೆಯನ್ನು ಆಕೆ ಎಷ್ಟು ಊರುಗಳಲ್ಲಿ, ಎಷ್ಟು ಸಲ ಹೇಳಬೇಕಾಯಿತೆಂದರೆ, ಕೊನೆಗೆ ಕಥೆಯೇ ಕೆಲಸವನ್ನು ನುಂಗಿ ನೀರು ಕುಡಿಯಿತು.

ಆಕೆ ಗೊಂಬೆ ಮಾಡುವವರ ಮನೆಯ ಹುಡುಗಿ. ಅಪ್ಪ ಪೀರ್ ಸಾಬ್ ಲೇತಿನ ಮೇಲೆ ಮರ ಕಡೆದು ಬಣ್ಣದ ಅರಗು ಹಚ್ಚಿ ಕೊಟ್ಟರೆ, ಮಗಳು ಹೊಸಿಲ ಮೇಲೆ ಕೂತು ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದಳು. ಕನಕಪುರಕ್ಕೆ ಮದುವೆ ಮಾಡಿಕೊಟ್ಟರು. ಅಲ್ಲಿ ಕೆಲವು ವರ್ಷ ಕಳೆದ ಮೇಲೆ ಆಕೆಗೆ ನಿದ್ದೆ ಬಾರದಾಯಿತು. ಆಮೇಲೆ ಕಿಟಕಿಯ ಕೆಳಗೆ ಯಾರೋ ನಿಂತು ತನ್ನ ಹೆಸರೆತ್ತಿ ಬೈಯುವುದು ಕೇಳತೊಡಗಿತು. ಕಿಟಕಿಯ ಕೆಳಗೆ ಯಾರೂ ಇರಲಿಲ್ಲ. ಗಂಡ ದರ್ಗಾಕ್ಕೆ ಕರೆದೊಯ್ದ, ತಾಯಿತ ಕಟ್ಟಿಸಿದ, ಕೊನೆಗೆ ತವರಿಗೆ ತಂದು ಬಿಟ್ಟ. ಹುಷಾರಾದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದವನು ಹುಷಾರಾದ ಮೇಲೂ ಬರಲಿಲ್ಲ.

ಹುಷಾರು ಮಾಡಿದ್ದು ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ಮನಸ್ಸಿನ ಡಾಕ್ಟರು. ಒಂದು ಮಾತ್ರೆ ಒಗ್ಗಲಿಲ್ಲ, ಇನ್ನೊಂದು ಒಗ್ಗಿತು. ಕಿಟಕಿಯ ಕೆಳಗಿನ ದನಿಗಳು ನಿಧಾನವಾಗಿ ದೂರ ಹೋದವು. ಬೀದಿಯವರ ದನಿ ಮಾತ್ರ ಹೋಗಲಿಲ್ಲ. "ಪೀರ್ ಸಾಬ್ರ ಮಗಳಾ? ಅವಳು ಒಸಿ ಹಂಗೇ ಕಣಮ್ಮ" ಎನ್ನುವುದು ನಿಜವಾದ ಬಾಯಿಗಳಿಂದಲೇ ಬರುತ್ತಿತ್ತು, ಅದಕ್ಕೆ ಆಸ್ಪತ್ರೆಯಲ್ಲಿ ಮಾತ್ರೆ ಇರಲಿಲ್ಲ.

ಇಂಥವರಿಗಾಗಿಯೇ ರಾಮನಗರದಲ್ಲಿ 'ಅಂತರ್ದೀಪ' ಎಂಬ ಸಂಸ್ಥೆ ಇತ್ತು. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಕೆಲಸ ಹುಡುಕಿಕೊಡುವುದು, ಸಿಕ್ಕ ಮೇಲೂ ಬೆನ್ನಿಗೆ ನಿಲ್ಲುವುದು, ಯಜಮಾನರ ಹತ್ತಿರ ಮಾತಾಡಿ ಕೆಲಸವನ್ನು ಆ ಮನುಷ್ಯರಿಗೆ ಹೊಂದಿಸುವುದು ಅದರ ಗುರಿ. ಇದಕ್ಕೆ 'ಬೆಂಬಲಿತ ಉದ್ಯೋಗ' ಎಂದು ಹೆಸರು. ಒಳ್ಳೆಯ ವಿಚಾರವೇ. ಆದರೆ ಒಳ್ಳೆಯ ವಿಚಾರವನ್ನು ಮಾಡುವುದಕ್ಕಿಂತ ಕಲಿಸುವುದು ಸುಲಭ, ಕಲಿಸುವ ಕಡೆ ಊಟವೂ ಇರುತ್ತದೆ. ಹಾಗಾಗಿ ಅಂತರ್ದೀಪದಲ್ಲಿ ಕಾರ್ಯಕರ್ತರಿಗೆ ತರಬೇತಿ, ತರಬೇತಿ ಕೊಡುವವರಿಗೆ ತರಬೇತಿ, ಅವರ ಮೇಲ್ವಿಚಾರಕರಿಗೆ ಪುನಶ್ಚೇತನ ತರಬೇತಿ ನಡೆಯುತ್ತಿದ್ದವು. ಬೆಂಗಳೂರಿನಿಂದ ಸಂಪನ್ಮೂಲ ವ್ಯಕ್ತಿಗಳು ಬರುತ್ತಿದ್ದರು. ಅವರು ಬೋರ್ಡಿನ ಮೇಲೆ ಒಂದು ವೃತ್ತ ಬರೆದು, ಅದರೊಳಗೆ ಇನ್ನೊಂದು ವೃತ್ತ ಬರೆಯುವಷ್ಟರಲ್ಲಿ ಟೀ ಬರುತ್ತಿತ್ತು. ಸಂಸ್ಥೆಯ ನಿರ್ದೇಶಕ ಮಹೇಂದ್ರ ಎಲ್ಲ ಸಭೆಗಳಲ್ಲೂ ಸ್ವಾಗತ ಭಾಷಣ ಮಾಡುತ್ತಿದ್ದ. ಕೆಲಸ ಸಿಕ್ಕವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದಕ್ಕೂ ಒಂದು ತರಬೇತಿ ಬೇಕಾಗುತ್ತಿತ್ತೋ ಏನೋ.

ಅಲ್ಲಿ ಭಾನುಪ್ರಿಯ ಎಂಬ ಕಾರ್ಯಕರ್ತೆ ಇದ್ದಳು. ಕೋಡಿಹಳ್ಳಿ ಕಡೆಯವಳು, ಸ್ಕೂಟಿಯ ಮೇಲೆ ಓಡಾಡುವವಳು. ಅವಳಲ್ಲಿ ಒಂದೇ ಒಂದು ದೋಷ: ತರಬೇತಿಯಲ್ಲಿ ಹೇಳಿದ್ದನ್ನು ನಿಜವೆಂದು ನಂಬಿಬಿಡುತ್ತಿದ್ದಳು. ಆಸ್ಪತ್ರೆಯಲ್ಲಿ ಮಾತ್ರೆಯ ಸಾಲಿನಲ್ಲಿ ನಿಂತಿದ್ದ ಜಹೀದಾಳನ್ನು ಮಾತಾಡಿಸಿದ್ದು ಅವಳೇ.

"ಅಕ್ಕ, ನಿಮಗೇನು ಕೆಲಸ ಬತ್ತದೆ?"

"ಕಣ್ಣು ಬರೀತೀನಿ."

ಭಾನುಪ್ರಿಯ ಬ್ಯೂಟಿ ಪಾರ್ಲರ್ ಎಂದುಕೊಂಡಳು. ಗೊಂಬೆಯ ಕಣ್ಣು ಎಂದು ಗೊತ್ತಾದ ಮೇಲೆ ಇಬ್ಬರೂ ಸೇರಿ ಸಮೀವುಲ್ಲಾನ ಗೊಂಬೆ ಕಾರ್ಖಾನೆಗೆ ಹೋದರು. ಸಮೀವುಲ್ಲಾ ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ. ಜಹೀದಾ ಎದುರಿಗೇ ನಿಂತಿದ್ದರೂ ಅವನು ಭಾನುಪ್ರಿಯಳನ್ನೇ ಕೇಳಿದ.

"ನೋಡಮ್ಮ, ಇಲ್ಲಿ ಉಳಿ, ಲೇತು ಎಲ್ಲಾ ಐತೆ. ಇದ್ದಕ್ಕಿದ್ದಂಗೆ ಈಕೆಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ಭಾಯ್, ನಾನಿಲ್ಲೇ ಇದೀನಿ, ನನ್ನೇ ಕೇಳಿ" ಎಂದಳು ಜಹೀದಾ. "ಬೆಳಗ್ಗೆ ಮಾತ್ರೆ ತಗೊಂಡ್ರೆ ಒಸಿ ಹೊತ್ತು ಮಂಪರಿರ್ತದೆ. ಲೇತಿನ ಸದ್ದು ಜಾಸ್ತಿ ಆದ್ರೆ ಆಗಲ್ಲ. ಮಿಕ್ಕಿದ್ದೆಲ್ಲಾ ನಿಮಗೆ ಹೆಂಗೋ ನನಗೂ ಹಂಗೇ."

ಸಮೀವುಲ್ಲಾ ತಲೆ ಕೆರೆದುಕೊಂಡು ಒಪ್ಪಿದ. ಬೆಳಿಗ್ಗೆ ಉಳಿದವರಿಗಿಂತ ತಡವಾಗಿ ಬರುವುದು, ಲೇತುಗಳಿಂದ ದೂರ ಕಿಟಕಿಯ ಪಕ್ಕ ಕೂರುವುದು ಎಂದು ಗೊತ್ತಾಯಿತು. ಭಾನುಪ್ರಿಯ ಆಗಾಗ ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಕೆಲವು ದಿನ ಮಾತ್ರೆಯಿಂದಾಗಿ ಜಹೀದಾಳ ಕೈ ನಡುಗುತ್ತಿತ್ತು. ಅಂಥ ದಿನ ಕಣ್ಣು ಬರೆಯುವುದು ಬಿಟ್ಟು ಗಾಡಿಗಳಿಗೆ ಚಕ್ರ ಜೋಡಿಸುತ್ತಿದ್ದಳು. ಬೀದಿಯಲ್ಲಿ ಬುತ್ತಿ ಹಿಡಿದು ನಡೆಯುವಾಗ ಆಕೆಗೆ ಯಾರು ಏನು ಅಂದರು ಎನ್ನುವುದು ಕೇಳಿಸುತ್ತಲೇ ಇರಲಿಲ್ಲ. ಕೆಲಸಕ್ಕೆ ಹೊತ್ತಾಗುತ್ತಿತ್ತು.

ಸುದ್ದಿ ರಾಮನಗರದ ಆಫೀಸಿಗೆ ಮುಟ್ಟಿತು. ಮಹೇಂದ್ರ ಕುರ್ಚಿಯಿಂದ ಎದ್ದು ನಿಂತನಂತೆ. ಇಷ್ಟು ವರ್ಷದ ತರಬೇತಿಗಳಿಂದ ಕಡೆಗೂ ಒಬ್ಬಳಿಗೆ ಕೆಲಸ ಸಿಕ್ಕಿತ್ತು. ಈಗ ಆಕೆಯನ್ನು ತರಬೇತಿಗೆ ಕರೆದು ತರಬೇಕಿತ್ತು.

ಮೊದಲ ಸಲ ಕೆಂಗಲ್ ಹತ್ತಿರದ ಕಲ್ಯಾಣ ಮಂಟಪಕ್ಕೆ ಕಾರು ಬಂತು. ಜಹೀದಾ ಖುಷಿಯಿಂದಲೇ ಹೋದಳು. ಇಸ್ತ್ರಿ ಮಾಡಿದ ದುಪಟ್ಟಾ ಹೊದ್ದಿದ್ದಳು. ವೇದಿಕೆಯ ಹಿಂದೆ ಮಹೇಂದ್ರ ಆಕೆಗೆ ಹೇಳಿಕೊಟ್ಟ.

"ಮೇಡಂ, ಕೆಲಸದ ವಿಷಯ ಕೊನೇಲಿ ಎರಡು ಮಾತು ಸಾಕು. ಅದಕ್ಕೆ ಮುಂಚೆ ಹೇಗಿದ್ರಿ ಅನ್ನೋದು ಡೀಟೇಲಾಗಿ ಬರಲಿ. ಗಂಡ ಬಿಟ್ಟಿದ್ದು ಬರಲಿ. ಅಲ್ಲಿ ಸ್ವಲ್ಪ ನಿಲ್ಲಿಸಿ."

ಆಕೆ ಹೇಳಿದಳು. ಗಂಡನ ಹತ್ತಿರ ನಿಲ್ಲಿಸಿದಳು. ಕೂತಿದ್ದವರ ಕಣ್ಣಲ್ಲಿ ನೀರು ಬಂತು. ಪ್ರಶ್ನೋತ್ತರದಲ್ಲಿ ಒಬ್ಬ ಕಾರ್ಯಕರ್ತ ಎದ್ದು, "ಆಗ ನಿಮಗೆ ಏನು ಕೇಳಿಸ್ತಿತ್ತು?" ಎಂದ.

"ಬೈಗುಳ."

"ಯಾವ ಬೈಗುಳ?" ಎಂದು ಪೆನ್ನಿನ ಕ್ಯಾಪು ತೆಗೆದ.

ಜಹೀದಾ ಅವನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಊಟದ ಹೊತ್ತಾಯಿತು ಎಂದು ಯಾರೋ ಹೇಳಿದ್ದರಿಂದ ಆ ಬೈಗುಳಗಳು ಮಾನಸಿಕ ಆರೋಗ್ಯ ಕ್ಷೇತ್ರಕ್ಕೆ ದಕ್ಕದೆ ಹೋದವು.

ಕೆಂಗಲ್ ಆದ ಮೇಲೆ ಕನಕಪುರ, ಆಮೇಲೆ ರಾಮನಗರ, ಮತ್ತೆ ಕನಕಪುರ. ಕಥೆ ಹೇಳಿ ಹೇಳಿ ನಯವಾಯಿತು. ಎಲ್ಲಿ ದನಿ ಇಳಿಸಿದರೆ ಯಾವ ಸಾಲಿನವರು ಕಣ್ಣೊರೆಸಿಕೊಳ್ಳುತ್ತಾರೆ ಎಂದು ಆಕೆಗೆ ಗೊತ್ತಾಗಿಬಿಟ್ಟಿತು. ಆದರೆ ಆ ಕಿಟಕಿಯನ್ನು ಮತ್ತೆ ಮತ್ತೆ ತೆರೆದು ತೋರಿಸಿ ಬಂದ ದಿನ ಆಕೆಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ಇದನ್ನು ಭಾನುಪ್ರಿಯಳಿಗೆ ಹೇಳೋಣವೆಂದರೆ ಭಾನುಪ್ರಿಯ ಸಿಗುತ್ತಿರಲಿಲ್ಲ. ಒಬ್ಬಳಿಗೆ ಕೆಲಸ ಕೊಡಿಸಿದ ಸಾಧನೆಗಾಗಿ ಅವಳನ್ನು ಕ್ಷೇತ್ರಕಾರ್ಯದಿಂದ ತೆಗೆದು ತರಬೇತುದಾರಳನ್ನಾಗಿ ಮಾಡಿದ್ದರು. ಕೆಲಸದ ಜಾಗಕ್ಕೆ ಹೋಗಿ ಬೆಂಬಲ ಕೊಡುವುದು ಎಷ್ಟು ಮುಖ್ಯ ಎಂಬುದರ ಬಗ್ಗೆ ಅವಳು ಈಗ ಊರೂರಲ್ಲಿ ಪಾಠ ಮಾಡುತ್ತಿದ್ದಳು.

ಸಮೀವುಲ್ಲಾನಿಗೂ ಅರ್ಧ ದಿನದ ತರಬೇತಿ ಕೊಟ್ಟಿದ್ದರು. ರಜೆ ಕೇಳಿದರೆ ಮುಖ ಗಂಟಿಕ್ಕಬಾರದು, ಮನಸ್ಸು ನೋಯುವ ಮಾತಾಡಬಾರದು ಎಂದು ಅವನು ಕಲಿತಿದ್ದ. ಹಾಗಾಗಿ ಕಾರು ಬಂದಾಗಲೆಲ್ಲ ನಗುತ್ತಲೇ ಕಳಿಸಿದ. ದಸರಾ ಹತ್ತಿರ ಬಂತು. ಮೈಸೂರಿನ ಅಂಗಡಿಯವರು ಗೊಂಬೆಗಳಿಗೆ ಬಾಯಿ ಬಡಿದುಕೊಳ್ಳುತ್ತಿದ್ದರು. ಬುಟ್ಟಿಗಟ್ಟಲೆ ಗೊಂಬೆಗಳು ಕುರುಡಾಗಿ ಕೂತಿದ್ದವು. ಒಂದು ತರಬೇತಿ ಮುಗಿಸಿ ಜಹೀದಾ ಮರಳಿ ಬಂದಾಗ ಕಿಟಕಿಯ ಪಕ್ಕದಲ್ಲಿ ಕೆಹಕಶಾನ್ ಎಂಬ ಹೊಸ ಹುಡುಗಿ ಕುಂಚ ಹಿಡಿದು ಕೂತಿದ್ದಳು. ಸಮೀವುಲ್ಲಾ ಆಕೆಯನ್ನು ಕಂಡವನೇ ಎದ್ದ. ಒಳಗೆ ಹೋಗಿ ಫೋನು ಕಿವಿಗಿಟ್ಟುಕೊಂಡು ಯಾರ ಜೊತೆಗೋ ಮಾತಾಡುವಂತೆ ನಿಂತ. ಜಹೀದಾ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ಮನೆಗೆ ಹೋದಳು.

ಮಾಗಡಿಯ ತರಬೇತಿ ಬಂದಿದ್ದು ಆಮೇಲೆ. ವಿಷಯ: 'ಸಿಕ್ಕ ಉದ್ಯೋಗವನ್ನು ಉಳಿಸಿಕೊಳ್ಳುವುದು ಹೇಗೆ.' ಬಾಗಿಲಿಗೆ ಬಂದ ಮಹೇಂದ್ರನಿಗೆ ಜಹೀದಾ ಹೇಳಿದಳು:

"ಕೆಲಸ ಹೋಯ್ತು ಸಾರ್."

ಮಹೇಂದ್ರ ವಾಚು ನೋಡಿಕೊಂಡ. "ಅಯ್ಯೋ, ಪಾಪ. ಬೇರೆ ನೋಡೋಣ. ಆದ್ರೆ ಇವತ್ತು ಅದನ್ನ ಎತ್ತಬೇಡಿ ಮೇಡಂ, ಬಂದಿರೋರ ಉತ್ಸಾಹ ಕಮ್ಮಿ ಆಗುತ್ತೆ."

ಮಾಗಡಿಯ ಹಾಲ್ ತುಂಬಿತ್ತು. ಕಿಟಕಿಯಾಚೆ ದೂರದಲ್ಲಿ ಸಾವನದುರ್ಗದ ಬಂಡೆ ಬೋಳಾಗಿ ಕೂತಿತ್ತು. ಜಹೀದಾ ಮೈಕಿನ ಮುಂದೆ ನಿಂತು ಎಂದಿನಂತೆ ಶುರು ಮಾಡಿದಳು, ಗಂಡನ ಹತ್ತಿರ ಬಂದಳು, ಎಂದಿನಂತೆ ನಿಲ್ಲಿಸಿದಳು. ಮುಂದಿನ ಸಾಲಿನ ಹೆಂಗಸು ಆಗಲೇ ಕರ್ಚೀಫು ತೆಗೆದಿದ್ದಳು. ಅದನ್ನು ನೋಡಿ ಜಹೀದಾಗೆ ಇದ್ದಕ್ಕಿದ್ದಂತೆ ಸಾಕಾಗಿ ಹೋಯಿತು.

"ಮಿಕ್ಕಿದ್ದು ಬ್ಯಾಡ ಬುಡಿ. ನನ್ನ ಕೆಲಸ ಹೋಗೈತೆ. ನಿಮ್ಮ ಟ್ರೈನಿಂಗ್‌ಗೆ ಬಂದೂ ಬಂದೂ ಹೋಯ್ತು. ಇವತ್ತೂ ಬಂದಿದೀನಿ" ಎಂದು ಹೇಳಿ ಮೈಕು ಕೆಳಗಿಟ್ಟಳು.

ಮಹೇಂದ್ರ ಚಾವಣಿ ನೋಡಿದ. ಆದರೆ ಸಂಪನ್ಮೂಲ ವ್ಯಕ್ತಿ ಅಷ್ಟಕ್ಕೆಲ್ಲ ಕಂಗೆಡುವವನಲ್ಲ. ಎದ್ದು ಚಪ್ಪಾಳೆ ತಟ್ಟಿ, ಇಷ್ಟು ಮುಕ್ತವಾಗಿ ಹಂಚಿಕೊಂಡಿದ್ದಕ್ಕೆ ಆಕೆಗೆ ಧನ್ಯವಾದ ಹೇಳಿ, ಸಭೆಯನ್ನು ಗುಂಪುಗಳಾಗಿ ಒಡೆದ. ಒಂದೊಂದು ಗುಂಪಿಗೂ ದೊಡ್ಡ ಹಾಳೆ, ಬಣ್ಣದ ಪೆನ್ನು. ಜಹೀದಾ ಕೆಲಸ ಕಳೆದುಕೊಂಡಿದ್ದೇಕೆ ಎಂದು ಚರ್ಚಿಸಿ ಬರೆಯಬೇಕು. ಜಹೀದಾ ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದಳು. ಯಾರೂ ಬಂದು ಆಕೆಯನ್ನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹಾಳೆಗಳು ಗೋಡೆಗೆ ಏರಿದವು. ಒಂದು ಗುಂಪು 'ಆತ್ಮವಿಶ್ವಾಸದ ಕೊರತೆ' ಎಂದಿತ್ತು. ಇನ್ನೊಂದು 'ಕುಟುಂಬದ ಅಸಹಕಾರ' ಎಂದು ಬರೆದು, ಪಕ್ಕದಲ್ಲಿ ಅಳುವ ಮುಖ ಬಿಡಿಸಿತ್ತು. ಮತ್ತೊಂದು ಗುಂಪು ಸಮಾಜವನ್ನೇ ದೂರಿತ್ತು. ಕಡೆಯ ಗುಂಪಿನವರು ಈ ಸಮಸ್ಯೆಗೆ ಇನ್ನೂ ಹೆಚ್ಚಿನ ತರಬೇತಿ ಅಗತ್ಯ ಎಂದು ಬರೆದು ಮೊದಲ ಬಹುಮಾನ ಪಡೆದರು.

ಭಾನುಪ್ರಿಯ ಅಲ್ಲೇ ಇದ್ದಳು. ಅವಳ ಕೈಯಲ್ಲೂ ಒಂದು ಬಣ್ಣದ ಪೆನ್ನಿತ್ತು. ವಾಪಸು ಬರುವಾಗ ಅವಳು ಆಫೀಸಿನ ಕಾರು ಹತ್ತದೆ ಜಹೀದಾಳ ಜೊತೆ ಬಸ್ಸಿನಲ್ಲಿ ಬಂದಳು. ರಾಮನಗರ ದಾಟಿದ ಮೇಲೆ ಅವಳೇ ಮಾತು ತೆಗೆದಳು.

"ನಾನು ಬರಬೇಕಿತ್ತು ಅಕ್ಕ, ಕಾರ್ಖಾನೆಗೆ."

"ಬರಬೇಕಿತ್ತು" ಎಂದಳು ಜಹೀದಾ. ಸಮಾಧಾನ ಮಾಡುವ ಮನಸ್ಸು ಆಕೆಗೆ ಆಗಲಿಲ್ಲ.

ಮರುದಿನ ಇಬ್ಬರೂ ಸಮೀವುಲ್ಲಾನ ಹತ್ತಿರ ಹೋದರು. ಮಾತಾಡಿದ್ದು ಜಹೀದಾಳೇ.

"ಭಾಯ್, ನಂದು ತಪ್ಪಾಗಿದ್ರೆ ಬಾಯಿ ಬುಟ್ಟು ಬೈಬೋದಿತ್ತಲ್ಲ? ಹೇಳ್ದೆ ಕೇಳ್ದೆ ಜಾಗ ಕೊಟ್ಬುಟ್ರಿ."

ಸಮೀವುಲ್ಲಾ ನೆಲ ನೋಡಿದ. "ಬೈಯೋಣ ಅಂತಾನೇ ಇದ್ದೆ ಕಣಮ್ಮ. ಮನಸ್ಸು ನೋಯಿಸಬಾರ್ದು ಅಂತ ಟ್ರೈನಿಂಗ್‌ನಲ್ಲಿ ಹೇಳ್ಕೊಟ್ಟಿದ್ರು. ಅದಕ್ಕೇ ಬೈಲಿಲ್ಲ, ತೆಗೆದುಬುಟ್ಟೆ."

"ಇನ್ಮೇಲೆ ಬೈರಿ. ಬೇರೆಯವರಿಗೆ ಬೈತೀರಲ್ಲ, ಹಂಗೇ."

ಅವನು ಅಲ್ಲೇ ಅಭ್ಯಾಸ ಶುರು ಮಾಡಿದ. ಹಬ್ಬದ ಹೊತ್ತಿಗೆ ಸರಿಯಾಗಿ ಕೈಕೊಟ್ಟಿದ್ದಕ್ಕೆ, ಮೈಸೂರಿನವರ ಹತ್ತಿರ ಮಾತು ಕೇಳಿಸಿದ್ದಕ್ಕೆ, ಎಲ್ಲಕ್ಕೂ ಸೇರಿಸಿ ಬೈದ. ಬೈಗುಳ ಕೇಳಿ ಜಹೀದಾಗೆ ಹಗುರಾಯಿತು. ಎದುರಿಗೆ ನಿಂತ ಮನುಷ್ಯ, ಕಣ್ಣಿಗೆ ಕಾಣುವ ಬಾಯಿ, ಕಾರಣವಿರುವ ಸಿಟ್ಟು. ಮೊದಲು ಪ್ಯಾಕಿಂಗಿಗೆ ಹಾಕಿಕೊಂಡ. ಕೆಹಕಶಾನ್ ಬರೆದ ಗೊಂಬೆಗಳು ಯಾಕೋ ಹೆದರಿದಂತೆ ಕಾಣುತ್ತಿವೆ ಎಂದು ಅಂಗಡಿಯವರೇ ಅಂದ ಮೇಲೆ ಇಬ್ಬರನ್ನೂ ಕಿಟಕಿಯ ಪಕ್ಕ ಕೂರಿಸಿದ.

ಮಹೇಂದ್ರ ಮತ್ತೆ ಕಾರು ತಂದ. ಜಹೀದಾ ಕುಂಚ ಕೆಳಗಿಡಲಿಲ್ಲ.

"ನಾನು ಕೆಲಸದಾಗಿದೀನಿ ಸಾರ್. ಬರಕ್ಕಾಗಲ್ಲ."

"ಮೇಡಂ, ಬ್ಯಾನರ್ ಪ್ರಿಂಟ್ ಆಗಿದೆ. ನಿಮ್ಮ ಫೋಟೋ ಇದೆ."

"ಹಂಗಾದ್ರೆ ಫೋಟೋನೇ ಮಾತಾಡಿಸಿ."

ಮಹೇಂದ್ರ ಸುತ್ತಲೂ ನೋಡಿದ. ಬರಿಗೈಲಿ ಹೋಗುವ ಜಾಯಮಾನ ಅವನದಲ್ಲ. ಕಣ್ಣು ಸಮೀವುಲ್ಲಾನ ಮೇಲೆ ಬಿತ್ತು. ಚೇತರಿಸಿಕೊಂಡ ಹೆಂಗಸಿಗೆ ಕೆಲಸ ಕೊಟ್ಟ ಯಜಮಾನ. ತೆಗೆದು, ಮತ್ತೆ ಕೊಟ್ಟ ಯಜಮಾನ. 'ಮಾದರಿ ಉದ್ಯೋಗದಾತ' ಎಂಬ ಪದ ಮಹೇಂದ್ರನ ಬಾಯಿಂದ ತಾನಾಗಿ ಉದುರಿತು. ಸಮೀವುಲ್ಲಾ ಮೊದಲು ಬೇಡವೆಂದ. ಶಾಲು ಹೊದಿಸುತ್ತಾರೆ ಎಂದು ಗೊತ್ತಾದ ಮೇಲೆ ಗಡ್ಡ ಬಾಚಿಕೊಂಡು ಬಂದ. ಮೈಕಿನ ಮುಂದೆ ಅವನಿಗೆ ಹೊಸ ಜನ್ಮವೇ ಬಂದಂತಾಯಿತು. ಈಗ ಅವನು ಕಾರ್ಖಾನೆಯಲ್ಲಿ ಸಿಗುವುದೇ ಕಡಿಮೆ. ಯಜಮಾನ ಎಲ್ಲಿ ಎಂದು ಕೇಳಿದವರಿಗೆ ಕೆಹಕಶಾನ್, "ನೌಕರರ ಜೊತೆ ಹೆಂಗೆ ಇರಬೇಕು ಅಂತ ಹೇಳಿಕೊಡಕ್ಕೆ ಹೋಗವ್ರೆ" ಎನ್ನುತ್ತಾಳೆ.

ಚಳಿಗಾಲದಲ್ಲಿ ಜಹೀದಾಗೆ ಮತ್ತೆ ನಿದ್ದೆ ಕೆಟ್ಟಿತು. ಈ ಸಲ ಆಕೆ ಕಾಯಲಿಲ್ಲ, ಭಾನುಪ್ರಿಯಳಿಗೆ ತಾನೇ ಫೋನು ಮಾಡಿದಳು. ಆ ದಿನ ಭಾನುಪ್ರಿಯ 'ಬಿಕ್ಕಟ್ಟಿನಲ್ಲಿರುವವರ ಜೊತೆಗಿರುವುದು ಹೇಗೆ' ಎಂಬ ತರಬೇತಿಗೆ ಹೊರಟಿದ್ದವಳು ಸ್ಕೂಟಿ ತಿರುಗಿಸಿಕೊಂಡು ಚನ್ನಪಟ್ಟಣಕ್ಕೆ ಬಂದಳು. ಆಸ್ಪತ್ರೆಯಲ್ಲಿ ದಿನವೆಲ್ಲ ಜೊತೆಗೆ ಕೂತಳು. ಡಾಕ್ಟರು ಮಾತ್ರೆ ಬದಲಿಸಿದರು. ಸ್ವಲ್ಪ ದಿನ ಜಹೀದಾ ಕಾರ್ಖಾನೆಯಲ್ಲಿ ಅರ್ಧ ಹೊತ್ತು ಮಾತ್ರ ಕೂತಳು, ಆಮೇಲೆ ಪೂರ್ತಿ ಹೊತ್ತು.

ಆಫೀಸಿನಿಂದ ಭಾನುಪ್ರಿಯಳಿಗೆ ನೋಟೀಸು ಬಂತು. ಬಿಕ್ಕಟ್ಟಿನ ತರಬೇತಿಗೆ ಸಕಾರಣವಿಲ್ಲದೆ ಗೈರುಹಾಜರಾಗಿದ್ದಾಳೆ ಎಂದಿತ್ತು.

"ಏನ್ ಮಾಡ್ತಾರಂತೆ?" ಎಂದಳು ಜಹೀದಾ.

"ಇನ್ನೊಂದು ಟ್ರೈನಿಂಗ್‌ಗೆ ಹಾಕವ್ರೆ ಅಕ್ಕ. ಶಿಸ್ತು, ಸಮಯಪಾಲನೆ ಅಂತೆ."

ಜಹೀದಾ ಜೋರಾಗಿ ನಕ್ಕಳು. ಭಾನುಪ್ರಿಯಳಿಗೂ ನಗು ತಡೆಯಲಾಗಲಿಲ್ಲ. ನೋಟೀಸನ್ನು ಬ್ಯಾಗಿಗೆ ತುರುಕಿಕೊಂಡು ಅವಳು ಹೊರಟಳು. ಕೋಡಿಹಳ್ಳಿ ಹತ್ತಿರ ದೊಡ್ಡಹನುಮಯ್ಯ ಎಂಬವರ ತಮ್ಮನಿಗೆ ಹಾಲಿನ ಡೇರಿಯಲ್ಲಿ ಕೆಲಸದ ಮಾತು ನಡೆದಿತ್ತು. ಅವನೂ ಕೆಲವು ವರ್ಷ ಮನೆಯಿಂದ ಹೊರಗೆ ಬರದೆ ಇದ್ದು ಈಗ ಚೇತರಿಸಿಕೊಂಡವನು. ಕೆಲಸ ಸಿಕ್ಕರೆ ಆಫೀಸಿಗೆ ತಿಳಿಸಬಾರದು ಎಂದು ಭಾನುಪ್ರಿಯ ಮತ್ತು ಜಹೀದಾ ಮೊದಲೇ ಮಾತಾಡಿಕೊಂಡಿದ್ದರು.