ಸೀರೆ ಅಂಗಡಿಯಲ್ಲಿ ಅಕ್ಕೋರ ಸಭೆ

ಅಕ್ಕೋರು ಯಾರನ್ನು ಕಂಡರೂ ಮೊದಲು ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುವರು. ದಪ್ಪ ಕನ್ನಡಕ ಹಣೆಗೇರಿಸಿ, ಮೂಗಿಗೆ ಮೂಗು ತಾಗುವಷ್ಟು ಬಾಗಿ ಕಣ್ಣು ನೋಡುವರು. ಇಳಕಲ್ಲಿನ ನನ್ನ ಅಂಗಡಿಗೆ ಸೀರೆ ಕೊಳ್ಳಲು ಬಂದವರು ನನ್ನ ಮಗಳ ಗದ್ದವನ್ನೂ ಹಾಗೇ ಹಿಡಿದರು.

“ಕೈ ನಡಗ್ತಾವೇನವಾ?”

ನಡುಗುತ್ತಿದ್ದವು. ನಾವು ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ, ಕಾಮಾಲೆಗೆ ಗಿಡಮೂಲಿಕೆ ಕುಡಿಸಿ ಕೂತಿದ್ದೆವು.

“ಹುಬ್ಬಳ್ಳಿಗೆ ಒಯ್ರಿ ಸಾವಕಾರ್ರ. ನನ್ನ ಮಗನ್ನ ನಾ ಒಯ್ಯೂದ್ರಾಗ ತಡಾ ಆಗಿತ್ತು.”

ವಿಲ್ಸನ್ ಎಂಬ ಕಾಯಿಲೆ. ಊಟದಲ್ಲಿ ಬರುವ ತಾಮ್ರವನ್ನು ಮೈ ಹೊರಹಾಕಲಾರದೆ ಲಿವರಿನಲ್ಲಿ ಕೂಡಿಡುತ್ತದೆ; ಆಮೇಲೆ ಮಿದುಳಿಗೂ ಏರುತ್ತದೆ, ಕಣ್ಣಿನ ಕಪ್ಪು ಗುಡ್ಡೆಯ ಸುತ್ತ ಕಂದು ಉಂಗುರ ಕಟ್ಟುತ್ತದೆ. ಗುಳಿಗೆ ಇದೆ, ಜನ್ಮಪೂರ್ತಿ ನುಂಗಬೇಕು. ನಿಮಗೂ ಹೇಳಿಡುತ್ತೇನೆ: ಮನೆಯಲ್ಲಿ ಒಬ್ಬರಿಗೆ ಬಂದರೆ ಒಡಹುಟ್ಟಿದವರು ಎಷ್ಟೇ ಗಟ್ಟಿಮುಟ್ಟಾಗಿರಲಿ, ಪರೀಕ್ಷೆ ಮಾಡಿಸಿ.

ಇದನ್ನೇ ಹೇಳಲು ಬಾದಾಮಿಯ ಸಾಲಿಯಲ್ಲಿ ಕಲಿಸಿ ನಿವೃತ್ತರಾದ ಈ ಅಕ್ಕೋರು ಸಭೆ ಕರೆದರೆ ನರಪಿಳ್ಳೆ ಬರುತ್ತಿರಲಿಲ್ಲ. ಅಂಥ ಸಭೆಯಲ್ಲಿ ಕಂಡವರ ಮನೆಯ ಹೆಣ್ಣಿಗೆ ಸಂಬಂಧ ಕೂಡುವುದಿಲ್ಲವಲ್ಲ! ಹೆಗಲ ಮೇಲೆ ಗಂಟು ಹೊತ್ತು ಸೀರೆ ಮಾರಿ ಅಂಗಡಿ ಕಟ್ಟಿದವನು ನಾನು. ಗಿರಾಕಿ ಬಾಗಿಲಲ್ಲೇ ಯಾಕೆ ನಿಲ್ಲುತ್ತಾನೆ ಅನ್ನೋದು ಗೊತ್ತು. ಸಭೆ ನನ್ನ ಮಹಡಿಯ ಮೇಲೆ ಮಾಡಿ ಅಂದೆ. ಮದುವೆ ಸೀರೆ ತೆಗೆಯಲು ಮನೆಮಂದಿಯೆಲ್ಲ ಬಂದರೆ ಯಾರಿಗೆ ಸಂಶಯ?

“ರೋಗದ ಸಭಾಕ್ಕ ಸೀರಿ ಯಾಕ್ರೀ?”

“ಸೀರಿ ಹಾಸಿದ್ರ ಮಂದಿ ಬರ್ತಾರ. ಬೋರ್ಡ್ ಹಚ್ಚಿದ್ರ ನೀವು, ನಾ, ಡಾಕ್ಟರು, ಇಷ್ಟ ಮಂದಿ.”

ಬಂದರು. ಹುನಗುಂದದಿಂದ, ಬಾಗಲಕೋಟೆಯಿಂದ, ಕಮತಗಿಯಿಂದ, ಕಾಮಾಲೆ ಬಿಡದ, ಕೈ ನಡುಗುವ ಮಕ್ಕಳನ್ನು ಕರೆದುಕೊಂಡು. ಹುಬ್ಬಳ್ಳಿಯ ಡಾಕ್ಟರು ಗುಳಿಗೆಯ ಮಾತು ಹೇಳುತ್ತಿರುವಾಗಲೇ ಕಮತಗಿಯ ಯಜಮಾನನೊಬ್ಬ ಸೆರಗು ತಿರುವಿ, “ಇದು ಖರೇ ರೇಷ್ಮಿನೋ?” ಅಂದ.

“ಸೆರಗು ಆಮ್ಯಾಲೆ ನೋಡೀರಂತ, ಮೊದಲ ಮಗಳ ಕಣ್ಣು ನೋಡ್ರಿ,” ಎಂದು ಅಕ್ಕೋರು ಗದರಿದರು. ಎಲ್ಲರೂ ನಕ್ಕರು.

ಪರೀಕ್ಷೆ ಮಾಡಿಸಿದರೆ ಅವನ ದೊಡ್ಡ ಮಗಳಿಗೂ ಅದೇ ಕಾಯಿಲೆ. ಗುಳಿಗೆ ಹಿಡಿದು ಹುಡುಗಿ ಚೇತರಿಸಿಕೊಂಡಳು. ಎರಡು ವರ್ಷಕ್ಕೆ ಮದುವೆ ಗೊತ್ತಾಗಿ, ನಿಜವಾಗಿಯೂ ಸೀರೆ ತೆಗೆಯಲು ಬಂದರು. ಸುದ್ದಿ ತಿಳಿದು ಅಕ್ಕೋರೂ ಬಂದರು.

“ಬೀಗರಿಗೆ ಹೇಳೀರಿಲ್ಲೋ?”

“ಹೇಳಿದ್ರ ಎದ್ದು ಹೋಗ್ತಾರ್ರಿ ಅಕ್ಕೋರ.”

“ಮತ್ತ ಗುಳಿಗಿ?”

“ತವರಿಗೆ ಬಂದಾಗ ತಗೋತಾಳ್ರಿ.”

“ದಿನಾ ತವರಿಗೆ ಬರ್ತಾಳೇನು?”

ಅವನು ಬೇರೆ ಬಣ್ಣದ ಸೀರೆ ಕೇಳಿದ.

ಹುಡುಗಿ ಗಂಡನ ಮನೆಯಲ್ಲಿ ಗುಳಿಗೆ ಬಿಟ್ಟಳು. ಕೆಲವು ತಿಂಗಳಿಗೆ ಹೊಟ್ಟೆ ಉಬ್ಬಿತು. ಅತ್ತೆ ಬಸುರಿಯೆಂದು ಹಿಗ್ಗಿ ಹಸಿರು ಬಳೆ ಇಡಿಸಿದಳು. ಹೊಟ್ಟೆಯಲ್ಲಿದ್ದದ್ದು ನೀರು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಲಿವರ್ ಪೂರ್ತಿ ಕೆಟ್ಟಿತ್ತು. ಬಳೆ ತೊಟ್ಟ ಕೈಯಲ್ಲೇ ಹೋದಳು.

ಆಮೇಲೆ ಅಕ್ಕೋರು ನನ್ನ ಮಹಡಿ ಹತ್ತಲಿಲ್ಲ. “ನಾವ ಮುಚ್ಚಿಡೂದು ಕಲಿಸಿದಿವ್ರಿ ಅವರಿಗೆ,” ಅಂದರು. ಸೀರೆ ಹಾಸಿದ್ದು ತಪ್ಪೆಂದು ನಾನು ಈಗಲೂ ಒಪ್ಪುವುದಿಲ್ಲ. ಹಾಸದಿದ್ದರೆ ಆ ಹುಡುಗಿಗೆ ಆ ಎರಡು ವರ್ಷವೂ ಸಿಗುತ್ತಿರಲಿಲ್ಲ.

ಮುಂದಿನ ಸಭೆಯನ್ನು ಕುಳಗೇರಿ ಕ್ರಾಸಿನಲ್ಲಿ ದೊಡ್ಡ ಬೋರ್ಡ್ ಹಚ್ಚಿ ಮಾಡಿದರು. ಡಾಕ್ಟರು, ನಾನು, ನನ್ನ ಮಗಳು. ಉಳಿದದ್ದು ಖಾಲಿ ಕುರ್ಚಿ. ಅಕ್ಕೋರು ಒಂದು ಮಾತನ್ನೂ ಮೊಟಕು ಮಾಡದೆ ಪೂರ್ತಿ ಹೇಳಿದರು.

ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ಅವರ ಸಾಲಿಯ ಹುಡುಗರು ಓಣಿ ತುಂಬ ನೆರೆದಿದ್ದರು. ನನ್ನ ಮಹಡಿ ಹತ್ತಿದವರಲ್ಲಿ ಬಂದವನು ಕಮತಗಿಯವನೊಬ್ಬನೇ. ಕಣ್ಣೊರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದ.

“ಸಾವಕಾರ್ರ, ಸಣ್ಣಾಕಿಗೆ ವರಾ ಬಂದದ. ದೊಡ್ಡಾಕಿ ಸುದ್ದಿ ಯಾರ ಮುಂದೂ ತಗೀಬ್ಯಾಡ್ರಿ.”

“ಸಣ್ಣಾಕೀನ ಪರೀಕ್ಷಾ ಮಾಡಿಸೀರೇನು?”

ಬಗ್ಗಿ ಚಪ್ಪಲಿ ಹುಡುಕಿದ. ಅಕ್ಕೋರನ್ನು ಇನ್ನೂ ಎತ್ತಿರಲಿಲ್ಲ.

ಈಗ ನನ್ನ ಮಗಳನ್ನು ನೋಡಲು ಬರುತ್ತಿದ್ದಾರೆ. ಚಹಾ ತರಿಸುವ ಮೊದಲೇ ಕಾಯಿಲೆಯ ಹೆಸರು ಹೇಳುತ್ತೇನೆ, ಗುಳಿಗೆ ತೋರಿಸುತ್ತೇನೆ. ಎರಡು ಸಂಬಂಧ ಎದ್ದು ಹೋದವು. ಹೆಂಡತಿ ಅತ್ತಳು, ತಮ್ಮ ಮಾತು ಬಿಟ್ಟ. ಮತ್ತೊಬ್ಬರು ಬರುವವರಿದ್ದಾರೆ. ಅವರಿಗೂ ಹೇಳುವೆ. ಜೀವನವಿಡೀ ಚೌಕಾಸಿ ಮಾಡಿದವನು ನಾನು. ಇದೊಂದು ಮಾತಿನಲ್ಲಿ ಮಾತ್ರ ಇಲ್ಲ.