ಎಡತೋಳಿನ ಪಟ್ಟಿ

ಸಿಂಗಾಪುರಕ್ಕೆ ಬಂದ ಮೇಲೆ ನನ್ನ ಕೊರಳಿಗೆ ಮೊದಲು ಕೈ ಹಾಕಿದವಳು ಒಬ್ಬ ಫುಟ್‌ಬಾಲ್ ರೆಫರಿ. ಬೆಡೋಕಿನ ಮೈದಾನದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಓಲೆ, ಉಂಗುರ ನೋಡುತ್ತ ಬಂದವಳು ನನ್ನ ಶಿವದಾರವನ್ನು ಬೆರಳಿನಿಂದ ಎತ್ತಿ, ಇದನ್ನು ತೆಗೆ ಅಂದಳು. ಅದರ ತುದಿಯಲ್ಲಿ ವಸ್ತ್ರದಲ್ಲಿ ಸುತ್ತಿದ ಇಷ್ಟಲಿಂಗವಿತ್ತು. ಕೂಸಾಗಿದ್ದಾಗ ಕಟ್ಟಿದ್ದು, ನಿದ್ದೆಯಲ್ಲೂ ಮೈಯಿಂದ ದೂರ ಮಾಡಿದ್ದಿಲ್ಲ. ಗದಗಿನ ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಅದನ್ನು ಯಾರೂ ಕೇಳಿರಲಿಲ್ಲ, ಎದುರು ತಂಡದ ಹುಡುಗಿಯರ ಕೊರಳಲ್ಲೂ ಅದೇ ಇರುತ್ತಿತ್ತು. ಇಲ್ಲಿ ಅದು ಆಭರಣದ ಲೆಕ್ಕಕ್ಕೆ ಬಿತ್ತು. ಆ ದಿನ ನಾನು ಆಡಲಿಲ್ಲ.

ಕಾಕಿ ಬುಕಿತ್‌ನ ಗೋದಾಮುಗಳಿಗೆ ಎಷ್ಟು ಜನ ಬಂದರೂ ಸಾಲದಿದ್ದ ಕಾಲವದು. ಅಂಥ ಒಂದು ಗೋದಾಮಿನ ಆಫೀಸಿಗೆ ಕೆಲಸಕ್ಕೆ ಬಂದವಳು ನಾನು. ಬೆಡೋಕಿನಲ್ಲಿ ಒಂದು ಬಾಡಿಗೆ ಕೋಣೆ. ಮೊದಲ ಭಾನುವಾರ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದರೆ ಕೆಳಮನೆಯವರು ಕೋಲಿನಿಂದ ಛಾವಣಿ ಕುಟ್ಟಿದರು. ನಮ್ಮೂರಲ್ಲಿ ಆ ಸದ್ದು ಕೇಳಿದರೆ ಜನ ಕೈ ತೊಳೆದು ಊಟಕ್ಕೆ ಬರುತ್ತಾರೆ, ಇಲ್ಲಿ ದೂರು ಹೇಳಲು ಬಂದರು. ಅಂದಿನಿಂದ ಹಾಕರ್ ಸೆಂಟರ್ ಎಂಬ ಅಗ್ಗದ ಊಟದಂಗಡಿಗಳ ಸಾಲಿನಲ್ಲಿ ಬಿಳಿ ಅನ್ನ, ಬೇಯಿಸಿದ ಸೊಪ್ಪು ತಿಂದು ದಿನ ದೂಡಿದೆ. ಮಾತಾಡಲು ಯಾರೂ ಇರಲಿಲ್ಲ. ಮೈದಾನದಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದನ್ನು ಕಂಡು, ನಾಚಿಕೆ ಬಿಟ್ಟು ಸೇರಿಕೊಂಡೆ.

ಆ ತಂಡದಲ್ಲಿ ಲುರ್ದೆಸ್ ಇದ್ದಳು. ಪೋರ್ಚುಗಲ್ಲಿನ ಒಂದು ಮೀನುಗಾರರ ಊರಿನವಳು. ಹುಡುಗರ ಜೊತೆ ಬೀದಿಯಲ್ಲಿ ಆಡಿ ಬೆಳೆದು, ಹಗಲು ಮೀನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿದು, ಸಂಜೆ ಅಭ್ಯಾಸ ಮಾಡಿ ತನ್ನ ದೇಶದ ತಂಡದಲ್ಲಿ ಡಿಫೆಂಡರ್ ಆದವಳು. ಮಂಡಿಗೆ ಪೆಟ್ಟಾಗಿ ತಂಡದಿಂದ ಹೊರಬಿದ್ದಾಗ ಗಂಡನಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಯಿತು, ಅವನ ಹಿಂದೆ ಬಂದಳು. ಇನ್ನೊಂದು ಸಲ ದೇಶದ ಅಂಗಿ ತೊಡಬೇಕು ಅನ್ನುವುದೊಂದೇ ಅವಳ ಜಪ.

ರೆಫರಿಯ ಗಂಟನ್ನು ಬಿಡಿಸಿದವಳೂ ಅವಳೇ. ತನ್ನ ಪುಟ್ಟ ಶಿಲುಬೆಯನ್ನು ಕಾಲುಚೀಲದೊಳಗೆ ಬಚ್ಚಿಟ್ಟು, ನೀನೂ ಹೀಗೆ ಮಾಡು ಅಂದಳು. ಕಾಲ ಹತ್ತಿರ ಲಿಂಗವೇ? ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ನಗಲಿಲ್ಲ. ಎಲ್ಲಿ ಕಟ್ಟಬಹುದು ಎಂದು ಕೇಳಿದಳು. ತೋಳಿಗೆ ಕಟ್ಟುವ ರೂಢಿ ನಮ್ಮಲ್ಲಿದೆ ಅಂದೆ. ನಾನು ಎಡತೋಳಿಗೆ ಕಟ್ಟಿಕೊಂಡೆ, ಅವಳು ಲಿಂಗಕ್ಕೆ ಬೆರಳು ತಾಗದ ಹಾಗೆ ಮೇಲೆ ಅಗಲವಾದ ಪಟ್ಟಿ ಸುತ್ತಿದಳು. ಮುಂದಿನ ಆಟದಲ್ಲಿ ರೆಫರಿ ಅದನ್ನು ಗಾಯವೆಂದು ತಿಳಿದು ಮುಂದೆ ಹೋದಳು. ಆ ಪಟ್ಟಿಯ ಒಳಗೇನಿದೆ ಎಂದು ಈ ಊರಲ್ಲಿ ಗೊತ್ತಿದ್ದುದು ಲುರ್ದೆಸ್ ಒಬ್ಬಳಿಗೇ.

ಟ್ಯಾಂಪಿನೀಸಿನ ಅವಳ ಮನೆಯ ಕೆಳಗೆ ಕಾರು ನಿಲ್ಲಿಸುವ ಜಾಗವಿತ್ತು. ಎಷ್ಟು ಬೇಕಾದರೂ ಬಡಿ, ಕಾರುಗಳು ದೂರು ಹೇಳುವುದಿಲ್ಲ ಅಂದಳು. ಭಾನುವಾರಗಳಲ್ಲಿ ಅಲ್ಲಿ ರೊಟ್ಟಿ ಬಡಿದೆ. ಅವಳು ಬಿಸಿ ರೊಟ್ಟಿಯ ಮೇಲೆ ಆಲಿವ್ ಎಣ್ಣೆ ಸುರಿದುಕೊಂಡು ತಿನ್ನುತ್ತಿದ್ದಳು. ಹಾಗೆ ತಿಂದರೆ ರೊಟ್ಟಿ ಮುನಿಸಿಕೊಳ್ಳುತ್ತದೆ ಎಂದು ಕಾಡಿಸುತ್ತಿದ್ದೆ.

ಕಬಡ್ಡಿಯಲ್ಲಿ ನಾವು ಕೈಗೆ ಕೈ ಹಿಡಿದು ಸರಪಳಿ ಮಾಡುತ್ತೇವೆ. ಫುಟ್‌ಬಾಲಿನಲ್ಲಿ ಕೈ ಇಲ್ಲ, ಕೂಗು ಮಾತ್ರ. ಎದುರಾಳಿ ಚೆಂಡು ಒದೆಯುವ ಕ್ಷಣಕ್ಕೆ ರಕ್ಷಣೆಯವರೆಲ್ಲ ಒಟ್ಟಿಗೆ ಮುಂದೆ ಬಂದರೆ ಅವರ ಆಟಗಾರ್ತಿ ನಮ್ಮ ಬೆನ್ನ ಹಿಂದೆ ಉಳಿದು ಆಫ್‌ಸೈಡ್ ಆಗುತ್ತಾಳೆ, ಅವಳು ಹೊಡೆದ ಗೋಲು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಒಬ್ಬಳು ಹಿಂದೆ ಉಳಿದರೂ ಗೋಲು. ಲುರ್ದೆಸ್ ಕೂಗುತ್ತ ಕೈ ಎತ್ತಿದರೆ ನಾನು ಕಣ್ಣು ಮುಚ್ಚಿಕೊಂಡು ಮುಂದೆ ಬರುತ್ತಿದ್ದೆ. ನಮ್ಮ ತಂಡ ಫೈನಲ್ ತಲುಪಿತು. ಆ ಆಟದ ರೆಕಾರ್ಡಿಂಗ್ ಕಳಿಸು, ನೋಡುತ್ತೇನೆ ಎಂದು ಅವಳ ದೇಶದ ಕೋಚ್ ಹೇಳಿದ್ದರು. ಅವಳಿಗಾಗಿ ನಾನೂ ಲಿಂಗಪೂಜೆಯಲ್ಲಿ ಬೇಡಿಕೊಂಡೆ.

ಫೈನಲ್ಲಿನ ದಿನ ರೆಫರಿ ಯಾರ ಕಿವಿಯನ್ನೂ ನೋಡಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದು, ಎಡತೋಳು ತೋರಿಸಿ, ಪಟ್ಟಿ ಬಿಚ್ಚು ಅಂದಳು. ನಾನು ಲುರ್ದೆಸ್ ಕಡೆ ತಿರುಗಿದೆ. ಅವಳು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಳು. ಅದು ಆಗಲೇ ಕಟ್ಟಿಯಾಗಿತ್ತು.

“ತೆಗೆದಿಡು ಲಾ, ಒಂದು ಮ್ಯಾಚ್ ಅಷ್ಟೇ,” ಅಂದಳು ನಮ್ಮ ಗೋಲ್‌ಕೀಪರ್ ಐನಿ, ಮಾತಿನ ಕೊನೆಗೆ ‘ಲಾ’ ಸೇರಿಸುವ ಈ ಊರಿನವಳು. ನಾನು ತೆಗೆಯಲಿಲ್ಲ. ಬೆಂಚಿನ ಮೇಲೆ ಕೂತು ನೋಡಿದೆ. ನನ್ನ ಜಾಗದಲ್ಲಿ ಆಡಿದ ಹುಡುಗಿ ಚುರುಕಾಗಿದ್ದಳು, ಲುರ್ದೆಸ್ ಅವಳ ಪಕ್ಕದಲ್ಲಿ ಮಿಂಚಿದಳು. ನಮ್ಮವರು ಗೆದ್ದರು.

ಆಮೇಲೆ ಅವಳನ್ನು ಅಡ್ಡಗಟ್ಟಿ, ರೆಫರಿಗೆ ಹೇಳಿದವಳು ನೀನೇನಾ ಎಂದು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ.

“ನೀನು ಮುಂದೆ ಬರೋದು ಲೇಟ್ ಆಗುತ್ತೆ. ನಿನ್ನನ್ನ ಚೇಂಜ್ ಮಾಡಿ ಅಂದ್ರೆ ಇಲ್ಲಿಯ ನಮ್ಮ ಕೋಚ್ ಒಪ್ಪಲಿಲ್ಲ. ನನಗೆ ಇದೊಂದೇ ಚಾನ್ಸ್ ಇತ್ತು.”

“ಸ್ಲೋ ಅಂತ ನನಗೇ ಹೇಳಬಹುದಿತ್ತಲ್ಲ?”

“ಹೇಳಿದ್ರೆ ನೀನು ಅಳ್ತಿದ್ದೆ,” ಅಂದಳು. “ಇದಾದ್ರೆ, ನೀನು ತೆಗೆಯೋದಿಲ್ಲ ಅಂತ ಗೊತ್ತಿತ್ತು.”

ನಿಧಾನ ಅಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಅವಳನ್ನು ನಂಬಿ ತೋರಿಸಿದ್ದನ್ನೇ ಹಿಡಿದು ಅವಳು ನನ್ನನ್ನು ಹೊರಗಟ್ಟಿದ್ದಳು. ಇದಕ್ಕೆ ದ್ರೋಹ ಅನ್ನದೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಊರಿಗೆ ಫೋನ್ ಮಾಡಿ ಅವ್ವನ ಮುಂದೆ ಅತ್ತೆ. “ಲಿಂಗಾ ತಗೀಲಿಲ್ಲಲ್ಲ, ಛಲೋ ಮಾಡ್ದಿ. ಆ ಆಟ ಬ್ಯಾಡಂತ ನಾ ಮೊದಲs ಹೇಳಿದ್ದೆ,” ಅಂದಳು ಅವ್ವ. ಇಲ್ಲಿಯವರಿಗೆ ನಾನು ಹಟಮಾರಿ, ಅಲ್ಲಿಯವರಿಗೆ ಭಕ್ತೆ. ಗೆಳತಿಯನ್ನು ಕಳೆದುಕೊಂಡವಳು ಎಂದು ಎರಡೂ ಕಡೆ ಯಾರಿಗೂ ಅನ್ನಿಸಲಿಲ್ಲ.

ಲುರ್ದೆಸ್‌ಗೆ ತನ್ನ ದೇಶದ ತಂಡದಿಂದ ಕರೆ ಬಂತು, ಹೋದಳು. ಕೆಲವು ತಿಂಗಳ ನಂತರ ಐನಿ ಲ್ಯಾಪ್‌ಟಾಪ್ ಹಿಡಿದು ನಮ್ಮ ಕಟ್ಟಡದ ವಾಯ್ಡ್ ಡೆಕ್‌ಗೆ ಬಂದಳು. ಮನೆಗಳ ಕೆಳಗೆ ಖಾಲಿ ಬಿಟ್ಟ ಕಟ್ಟೆಯಂಥ ಜಾಗ ಅದು. ತೆರೆಯ ಮೇಲೆ ಕೆಂಪಂಗಿಯ ಲುರ್ದೆಸ್ ಇದ್ದಳು. ಸೋಲಲಿ, ಹಾಳಾಗಲಿ ಅಂದುಕೊಂಡೇ ನೋಡಲು ಕೂತೆ. ಎದುರಾಳಿ ಚೆಂಡು ಒದೆದಳು. ಲುರ್ದೆಸ್ ಕೈ ಎತ್ತಿ ಮುಂದೆ ನುಗ್ಗಿದಳು. ನಾನು ಯಾವಾಗ ಎದ್ದೆನೋ, ಯಾವಾಗ ಎಡಗೈ ಎತ್ತಿ ಒಂದು ಹೆಜ್ಜೆ ಮುಂದೆ ಇಟ್ಟೆನೋ ತಿಳಿಯದು. ತಡವಾಗಿರಲಿಲ್ಲ.

“ನೀನು ಯಾರ ಕಡೆ?” ಎಂದು ಕೇಳಿದಳು ಐನಿ.

ಎತ್ತಿದ ಕೈ ಇಳಿಸಿ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡೆ. ಹೇಳಲು ನನಗೆ ಒಂದು ಕಡೆಯೂ ಉಳಿದಿರಲಿಲ್ಲ.